ಅಮೆರಿಕದಲ್ಲಿ ಗುರುತಿನ ಚೀಟಿ ಇಲ್ಲದೆ ಯಾರು ಬೇಕಾದರೂ ವೋಟ್ ಹಾಕಬಹುದಾ?

ಪ್ರಶ್ನೆ: "ಅಮೆರಿಕದಲ್ಲಿ ವೋಟ್ ಹಾಕೋಕೆ ಯಾವ ಗುರುತಿನ ಚೀಟಿಯೂ ಬೇಡವಂತೆ. ಹಾಗಾದ್ರೆ ಯಾರು ಬೇಕಾದ್ರೂ ಹೋಗಿ ಹಾಕಿ ಬರಬಹುದಲ್ವಾ? ನಮ್ಮಲ್ಲೇ ಎಲ್ಲರಿಗೂ ವೋಟರ್ ಐಡಿ ಕೊಟ್ಟಿರುವಾಗ ಅವರಿಗೇನು ಕಷ್ಟ?"

ಅಲ್ಲಿ ಚುನಾವಣೆ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಎರಡು ಸಾಲಿನಲ್ಲಿ ಉತ್ತರ ಕೊಟ್ಟರೆ ಮಾರನೇ ದಿನ ಇನ್ನೊಬ್ಬರು ಅದನ್ನೇ ಕೇಳುತ್ತಾರೆ, ಜೊತೆಗೊಂದು ವಾಟ್ಸಾಪ್ ಫಾರ್ವರ್ಡ್ ಬೇರೆ. ಹಾಗಾಗಿ ಈ ಸಲ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಮಗನೋ ಮಗಳೋ ಅಲ್ಲಿರುವವರು ಕೊನೆಯ ಭಾಗವನ್ನು ಮಾತ್ರ ಬಿಡಬೇಡಿ.

ಮೊದಲು ನೇರ ಉತ್ತರ. "ಬೇಡವಂತೆ" ಅನ್ನುವುದೇ ತಪ್ಪು. 50 ರಾಜ್ಯಗಳಲ್ಲಿ 36 ರಾಜ್ಯಗಳು ಮತಗಟ್ಟೆಯಲ್ಲಿ ಏನಾದರೊಂದು ಗುರುತು ಕೇಳುತ್ತವೆ. ಕೆಲವು ಕಡೆ ಫೋಟೊ ಇರುವ ಕಾರ್ಡೇ ಆಗಬೇಕು. ಕೆಲವು ಕಡೆ ಕರೆಂಟ್ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್ ಕೂಡ ನಡೆಯುತ್ತದೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ಉಳಿದ ರಾಜ್ಯಗಳಲ್ಲಿ ಹೆಚ್ಚಿನವರಿಗೆ ಕಾರ್ಡ್ ಕೇಳುವುದಿಲ್ಲ, ನಿಜ. ಅಲ್ಲಿ ಹೆಸರು, ವಿಳಾಸ ಹೇಳಿ ಸಹಿ ಹಾಕಬೇಕು. ನ್ಯೂಯಾರ್ಕ್‌ನಲ್ಲಿ ಆ ಸಹಿಯನ್ನು ನೋಂದಣಿ ಮಾಡಿಸುವಾಗ ಹಾಕಿದ ಸಹಿಯ ಜೊತೆ ಹೋಲಿಸಿ ನೋಡುತ್ತಾರೆ.

ಇಷ್ಟೊಂದು ವ್ಯತ್ಯಾಸ ಯಾಕೆ ಅಂದರೆ, ನಮ್ಮ ಚುನಾವಣಾ ಆಯೋಗದಂತೆ ಇಡೀ ದೇಶದ ಚುನಾವಣೆ ನಡೆಸುವ ಒಂದು ಸಂಸ್ಥೆ ಅಲ್ಲಿಲ್ಲ. ಚುನಾವಣೆ ನಡೆಸುವ ರೀತಿಯನ್ನು ಸಂವಿಧಾನ ರಾಜ್ಯಗಳಿಗೇ ಬಿಟ್ಟಿದೆ. ಅವರ ಸಂಸತ್ತು ಬೇಕಾದಾಗ ಅದನ್ನು ಬದಲಿಸಬಹುದು, ಅಷ್ಟೆ. ರಾಜ್ಯದೊಳಗೆ ಕೆಲಸವೆಲ್ಲ ನಡೆಯುವುದು ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಮಟ್ಟದಲ್ಲಿ. ಹಾಗಾಗಿ "ಅಮೆರಿಕದಲ್ಲಿ ಹೀಗಂತೆ" ಎಂದು ಯಾರಾದರೂ ಶುರು ಮಾಡಿದರೆ, ಯಾವ ರಾಜ್ಯ ಅಂತ ಮೊದಲು ಕೇಳಿ.

ಈಗ ಎಷ್ಟು ಸಲ ಹೇಳಿದರೂ ಹೋಗದ ತಪ್ಪು ತಿಳುವಳಿಕೆಗೆ ಬರೋಣ. ಅದು ಹೀಗಿದೆ: ಮತಗಟ್ಟೆಯಲ್ಲಿ ಕಾರ್ಡ್ ಕೇಳದಿದ್ದರೆ ಅಲ್ಲಿನ ಪ್ರಜೆಗಳಲ್ಲದವರು ಲಕ್ಷಗಟ್ಟಲೆ ವೋಟ್ ಹಾಕುತ್ತಾರೆ, ಕಾರ್ಡ್ ಕೇಳಿದರೆ ಅದು ನಿಂತುಹೋಗುತ್ತದೆ.

ಇದರಲ್ಲಿ ಎರಡು ಬೇರೆ ಬೇರೆ ವಿಷಯಗಳು ಕಲಸಿಹೋಗಿವೆ. "ನೀವು ಯಾರು?" ಅನ್ನುವುದು ಒಂದು. "ನೀವು ಈ ದೇಶದ ಪ್ರಜೆಯಾ?" ಅನ್ನುವುದು ಇನ್ನೊಂದು. ಫೋಟೊ ಕಾರ್ಡ್ ಉತ್ತರ ಕೊಡುವುದು ಮೊದಲನೆಯದಕ್ಕೆ ಮಾತ್ರ. ನಿಮ್ಮ ಅಣ್ಣನ ಮಗ ಗ್ರೀನ್ ಕಾರ್ಡ್ ಮೇಲೆ ಅಲ್ಲಿದ್ದಾನೆ, ಅಂದರೆ ಕಾಯಂ ವಾಸಿ, ಆದರೆ ಪ್ರಜೆಯಲ್ಲ ಅಂದುಕೊಳ್ಳಿ. ಅವನ ಜೇಬಿನಲ್ಲಿ ಡ್ರೈವಿಂಗ್ ಲೈಸೆನ್ಸ್ ಇದ್ದೇ ಇರುತ್ತದೆ, ಅದಿಲ್ಲದೆ ಹೆಚ್ಚಿನ ಊರುಗಳಲ್ಲಿ ಹಾಲು ತರೋಕೂ ಆಗಲ್ಲ. ಪಕ್ಕದ ಮನೆಯ ಅಮೆರಿಕನ್ ಪ್ರಜೆಯ ಲೈಸೆನ್ಸ್ ತಂದು ಅದರ ಪಕ್ಕ ಇಡಿ. ಹೆಚ್ಚಿನ ರಾಜ್ಯಗಳಲ್ಲಿ ಯಾರು ಪ್ರಜೆ, ಯಾರು ಅಲ್ಲ ಎಂದು ಅದನ್ನು ನೋಡಿ ಹೇಳೋಕೆ ಆಗುವುದಿಲ್ಲ. ಅಂದರೆ ಮತಗಟ್ಟೆಯಲ್ಲಿ ಎಷ್ಟೇ ಕಟ್ಟುನಿಟ್ಟಾಗಿ ಫೋಟೊ ಕಾರ್ಡ್ ಕೇಳಿದರೂ ಅವನು ಅದನ್ನು ಆರಾಮಾಗಿ ತೋರಿಸಬಲ್ಲ. ಅವನು ವೋಟ್ ಹಾಕಲು ಆಗದಿರುವುದಕ್ಕೆ ಕಾರಣ, ಮತದಾರರ ಪಟ್ಟಿಯಲ್ಲಿ ಅವನ ಹೆಸರಿಲ್ಲ.

ಆ ಪಟ್ಟಿಯ ಬಗ್ಗೆ ಫಾರ್ವರ್ಡ್‌ಗಳು ಮಾತೇ ಆಡುವುದಿಲ್ಲ. ಅಲ್ಲಿ ತಪಾಸಣೆ ಶುರುವಾಗುವುದು ಹೆಸರು ಸೇರಿಸುವಾಗ. 2002ರ ಕೇಂದ್ರ ಕಾನೂನಿನ ಪ್ರಕಾರ ನೋಂದಣಿಗೆ ಡ್ರೈವಿಂಗ್ ಲೈಸೆನ್ಸ್ ನಂಬರ್ ಕೊಡಬೇಕು, ಅದಿಲ್ಲದವರು ಸರ್ಕಾರ ಕೊಡುವ ಸೋಷಿಯಲ್ ಸೆಕ್ಯುರಿಟಿ ನಂಬರಿನ ಕೊನೆಯ ನಾಲ್ಕು ಅಂಕಿ ಕೊಡಬೇಕು. ಅದನ್ನು ಸರ್ಕಾರಿ ದಾಖಲೆಯ ಜೊತೆ ತಾಳೆ ನೋಡುತ್ತಾರೆ. ಅಂಚೆಯಲ್ಲಿ ನೋಂದಣಿ ಮಾಡಿಸಿ ಅದು ತಾಳೆಯಾಗದಿದ್ದರೆ, ಮೊದಲ ಸಲ ವೋಟ್ ಹಾಕುವಾಗ ಯಾವ ರಾಜ್ಯವಾದರೂ ಸರಿ, ಗುರುತು ತೋರಿಸಲೇಬೇಕು. "ನಾನು ಈ ದೇಶದ ಪ್ರಜೆ" ಎಂದು ಸಹಿ ಹಾಕಬೇಕು, ಸುಳ್ಳು ಹೇಳಿದರೆ ಅದು ಅಪರಾಧ. ಪ್ರಜೆಯಲ್ಲದವರು ಅಲ್ಲಿನ ಕೇಂದ್ರ ಚುನಾವಣೆಯಲ್ಲಿ ವೋಟ್ ಹಾಕಿದರೆ 1996ರ ಕಾನೂನಿನಂತೆ ಒಂದು ವರ್ಷದವರೆಗೆ ಜೈಲಾಗಬಹುದು. ಅದಾದ ಮೇಲೆ ಗಡಿಪಾರೂ ಆಗಬಹುದು.

ಒಬ್ಬ ಮನುಷ್ಯ ಇಷ್ಟೆಲ್ಲ ಅಪಾಯ ಮೈಮೇಲೆ ಎಳೆದುಕೊಂಡು ಗಳಿಸುವುದು ಏನು? ಒಂದೇ ಒಂದು ವೋಟು. ಗ್ರೀನ್ ಕಾರ್ಡ್‌ಗಾಗಿ ವರ್ಷಾನುಗಟ್ಟಲೆ ಕಾಯುವ, ಸ್ಪೀಡಿಂಗ್ ಟಿಕೆಟ್ ಸಿಕ್ಕರೂ ಹೆದರುವ ಜನ ಇವರು.

ಊಹೆ ಬೇಡ, ಲೆಕ್ಕ ನೋಡೋಣ. 2024ರಲ್ಲಿ ಜಾರ್ಜಿಯಾ ರಾಜ್ಯ ತನ್ನ ಪಟ್ಟಿಯನ್ನು ಜಾಲಾಡಿತು. ಜಾಲಾಡಿಸಿದವರು, ಕಾರ್ಡ್ ಬೇಕೆಂದು ಹೆಚ್ಚು ಒತ್ತಾಯಿಸುವ ರಿಪಬ್ಲಿಕನ್ ಪಕ್ಷದ ಅಧಿಕಾರಿಯೇ. ಸುಮಾರು 82 ಲಕ್ಷ ಹೆಸರುಗಳಲ್ಲಿ ಸಿಕ್ಕ ಪ್ರಜೆಗಳಲ್ಲದವರು 20. ಇನ್ನು ಬೇರೆಯವರ ಹೆಸರಿನಲ್ಲಿ ಬಂದು ವೋಟ್ ಹಾಕುವ ವಿಷಯ. ಕಾನೂನು ಪ್ರಾಧ್ಯಾಪಕ ಜಸ್ಟಿನ್ ಲೆವಿಟ್ 2000ದಿಂದ 2014ರವರೆಗಿನ ಚುನಾವಣೆಗಳಲ್ಲಿ ಇದನ್ನು ಹುಡುಕಿದರು. 100 ಕೋಟಿಗೂ ಜಾಸ್ತಿ ಮತಗಳಲ್ಲಿ ನಂಬಬಹುದಾದ ಪ್ರಕರಣಗಳು 31. ಮತಗಟ್ಟೆಯ ಫೋಟೊ ಕಾರ್ಡ್ ತಡೆಯಬಲ್ಲದ್ದು ಈ 31ರ ಜಾತಿಯ ವಂಚನೆಯನ್ನು ಮಾತ್ರ.

ಹಾಗಂತ ಅಲ್ಲಿ ವಂಚನೆಯೇ ನಡೆಯುವುದಿಲ್ಲ ಎಂದು ನಾನು ಹೇಳುತ್ತಿಲ್ಲ. 2018ರಲ್ಲಿ ನಾರ್ತ್ ಕ್ಯಾರೊಲಿನಾದ 9ನೇ ಕ್ಷೇತ್ರದಲ್ಲಿ ದೊಡ್ಡದಾಗೇ ನಡೆಯಿತು. ರಿಪಬ್ಲಿಕನ್ ಅಭ್ಯರ್ಥಿ ಪರ ಕೆಲಸ ಮಾಡುತ್ತಿದ್ದ ಒಬ್ಬನ ಕಡೆಯವರು ಮನೆಮನೆಗೆ ಹೋಗಿ ಜನರ ಅಂಚೆ ಮತಪತ್ರಗಳನ್ನು ತಾವೇ ಅಕ್ರಮವಾಗಿ ಸಂಗ್ರಹಿಸಿದ್ದರು. ಗೆಲುವಿನ ಅಂತರ ಸುಮಾರು 900 ಮತ. ರಾಜ್ಯದ ಚುನಾವಣಾ ಮಂಡಳಿ ಫಲಿತಾಂಶವನ್ನೇ ಒಪ್ಪಲಿಲ್ಲ, 2019ರಲ್ಲಿ ಮತ್ತೆ ಚುನಾವಣೆ ನಡೆಯಿತು. ಮತಗಟ್ಟೆ ಬಾಗಿಲಲ್ಲಿ ನಿಂತು ಕಾರ್ಡ್ ಕೇಳಿದ್ದರೆ ಈ ಮೋಸ ಸಿಗುತ್ತಿತ್ತಾ? ಮನೆಯಲ್ಲಿ ನಡೆದ ಕಳ್ಳತನಕ್ಕೆ ಬಸ್ ಸ್ಟಾಂಡಿನಲ್ಲಿ ಕಾವಲು ಹಾಕಿದಂತೆ ಆಗುತ್ತಿತ್ತು.

"ಸರಿ, ಉಪಯೋಗ ಕಮ್ಮಿ ಅಂತಲೇ ಇಟ್ಟುಕೊಳ್ಳೋಣ. ಒಂದು ಕಾರ್ಡ್ ತೋರಿಸೋಕೆ ಏನು ಕಷ್ಟ?" ಇದು ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಇಂಡಿಯಾನಾ ರಾಜ್ಯಕ್ಕೆ ಹೋಗಬೇಕು.

ಇಂಡಿಯಾನಾ 2005ರಲ್ಲಿ ಫೋಟೊ ಕಾರ್ಡ್ ಕಡ್ಡಾಯ ಮಾಡಿತು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ, 2008ರ ಏಪ್ರಿಲ್ ಕೊನೆಯಲ್ಲಿ 6-3ರ ತೀರ್ಪಿನಲ್ಲಿ ಕಾನೂನು ಉಳಿಯಿತು. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಬಂದು ವೋಟ್ ಹಾಕಿದ ಒಂದೇ ಒಂದು ಉದಾಹರಣೆ ಆ ರಾಜ್ಯದ ಇತಿಹಾಸದಲ್ಲಿ ಇತ್ತು ಎಂಬುದಕ್ಕೆ ಕೋರ್ಟಿನ ಮುಂದೆ ಪುರಾವೆ ಇರಲಿಲ್ಲ. ಅದನ್ನು ತೀರ್ಪಿನಲ್ಲೇ ಬರೆದಿದ್ದಾರೆ. ತೀರ್ಪು ಬಂದು ವಾರ ಕಳೆಯುವಷ್ಟರಲ್ಲಿ ಸೌತ್ ಬೆಂಡ್ ಊರಿನ ಒಂದು ಕಾನ್ವೆಂಟಿನಲ್ಲಿ ಮತದಾನ. ಅಲ್ಲೇ ವಾಸವಿದ್ದ ಸುಮಾರು ಹನ್ನೆರಡು ಮಂದಿ ಕ್ರೈಸ್ತ ಸನ್ಯಾಸಿನಿಯರು ವೋಟ್ ಹಾಕಲು ಬಂದರು. ಎಲ್ಲರೂ 80, 90 ದಾಟಿದವರು. ಯಾರೂ ಕಾರ್ ಓಡಿಸುತ್ತಿರಲಿಲ್ಲ, ಹಾಗಾಗಿ ಲೈಸೆನ್ಸ್ ಇಲ್ಲ. ಕೆಲವರ ಕೈಯಲ್ಲಿ ಅವಧಿ ಮುಗಿದ ಪಾಸ್‌ಪೋರ್ಟ್ ಇತ್ತು, ಅದು ನಡೆಯಲಿಲ್ಲ. ಅವರನ್ನು ವಾಪಸ್ ಕಳಿಸಿದ ಮತಗಟ್ಟೆ ಅಧಿಕಾರಿ ಅದೇ ಕಾನ್ವೆಂಟಿನ ಇನ್ನೊಬ್ಬ ಸನ್ಯಾಸಿನಿ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುವಷ್ಟು ಪರಿಚಯ. ಆದರೂ ಕಾನೂನಿನ ಪ್ರಕಾರ ಅವರ ಗುರುತು ಸಿಗಲಿಲ್ಲ.

ಕಾರ್ಡ್ ಉಚಿತ ಅಂತ ಹೇಳುತ್ತಾರೆ. ಆದರೆ ಕಾರ್ಡ್ ಮಾಡಿಸಲು ಜನನ ಪ್ರಮಾಣಪತ್ರ ಬೇಕು. ಅದಕ್ಕೆ ದುಡ್ಡು ಕೊಡಬೇಕು, ಹುಟ್ಟಿದ್ದು ಬೇರೆ ರಾಜ್ಯದಲ್ಲಾದರೆ ಅಲ್ಲಿಂದ ತರಿಸಬೇಕು. ಕಚೇರಿ ದೂರ, ಬಸ್ ಇಲ್ಲ, ಕೆಲಸದ ದಿನವೇ ಹೋಗಬೇಕು. ಯಾವ ಕಾರ್ಡ್ ನಡೆಯುತ್ತದೆ ಅನ್ನುವುದರಲ್ಲೂ ರಾಜಕೀಯ ನುಗ್ಗುತ್ತದೆ. ಟೆಕ್ಸಾಸ್‌ನ 2011ರ ಕಾನೂನಿನಲ್ಲಿ ಬಂದೂಕು ಲೈಸೆನ್ಸ್ ನಡೆಯುತ್ತಿತ್ತು, ಸರ್ಕಾರಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕಾರ್ಡ್ ನಡೆಯುತ್ತಿರಲಿಲ್ಲ.

ನಮ್ಮ ಜೊತೆ ಹೋಲಿಸುವವರು ಮರೆಯುವುದು ಇಲ್ಲೇ. ನಮ್ಮಲ್ಲಿ ಪಟ್ಟಿ ಮಾಡುವ ಹೊಣೆ ಸರ್ಕಾರದ್ದು. ಬಿಎಲ್ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮನೆ ಬಾಗಿಲಿಗೆ ಬರುತ್ತಾರೆ. ಕಾರ್ಡಿಗೆ ದುಡ್ಡಿಲ್ಲ. ಕಾರ್ಡ್ ಕಳೆದುಹೋಗಿದ್ದರೂ ಹೆಸರು ಪಟ್ಟಿಯಲ್ಲಿದ್ದರೆ ಆಧಾರ್, ನರೇಗಾ ಜಾಬ್ ಕಾರ್ಡ್, ಫೋಟೊ ಅಂಟಿಸಿದ ಬ್ಯಾಂಕ್ ಪಾಸ್‌ಬುಕ್ ತೋರಿಸಿ ವೋಟ್ ಹಾಕಬಹುದು. ಮೇಲಿಂದ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಶಾಯಿ ಬೆರಳಿಗೆ. ಅಮೆರಿಕದಲ್ಲಿ ನಾಗರಿಕರೆಲ್ಲರಿಗೂ ಕೊಡುವ ರಾಷ್ಟ್ರೀಯ ಗುರುತಿನ ಚೀಟಿಯೇ ಇಲ್ಲ. ಹೆಸರು ಸೇರಿಸಿಕೊಳ್ಳುವುದೂ, ಕಾಗದ ಹೊಂದಿಸುವುದೂ ಹೆಚ್ಚಾಗಿ ಮತದಾರರ ತಲೆನೋವು. ಅಲ್ಲಿನ ಜಗಳದ ಬೇರು ಇರುವುದು ಇದರಲ್ಲಿ.

ಇನ್ನೊಂದು ಕಡೆಯವರ ಉತ್ಪ್ರೇಕ್ಷೆಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಕಾರ್ಡ್ ಕೇಳಿದರೆ ಬಡವರು, ಕಪ್ಪು ಜನ ದೊಡ್ಡ ಸಂಖ್ಯೆಯಲ್ಲಿ ಮತದಾನದಿಂದ ಹೊರಗುಳಿಯುತ್ತಾರೆ ಎಂದು ವರ್ಷಗಟ್ಟಲೆ ವಾದಿಸಿದರು. 2008ರಿಂದ 2018ರವರೆಗಿನ ಮಾಹಿತಿ ಇಟ್ಟುಕೊಂಡು ಕಾಂಟೋನಿ ಮತ್ತು ಪೋನ್ಸ್ ಎಂಬ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದಾಗ, ಕಟ್ಟುನಿಟ್ಟಿನ ಕಾನೂನಿನಿಂದ ಒಟ್ಟು ಮತದಾನ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ವಂಚನೆಯ ಮೇಲೂ ಪರಿಣಾಮ ಕಾಣಲಿಲ್ಲ. ಜನರ ಮಟ್ಟದಲ್ಲಂತೂ ಇದು ದೊಡ್ಡ ವಿವಾದವೇ ಅಲ್ಲ. 2024ರ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ. 84 ಮಂದಿ ಫೋಟೊ ಕಾರ್ಡ್ ಬೇಕು ಎಂದರು. ಡೆಮಾಕ್ರಟಿಕ್ ಪಕ್ಷದವರಾದ ದೇಶದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮತ್ತು ರಿಪಬ್ಲಿಕನ್ ಪಕ್ಷದ ಮಾಜಿ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ಸೇರಿ ನಡೆಸಿದ ಆಯೋಗ 2005ರಲ್ಲೇ ದಾರಿ ತೋರಿಸಿತ್ತು: ಫೋಟೊ ಕಾರ್ಡ್ ಇರಲಿ, ಆದರೆ ಇಲ್ಲದವರನ್ನು ಸರ್ಕಾರವೇ ಹುಡುಕಿ ಉಚಿತವಾಗಿ ಕೊಡಲಿ. ನನ್ನ ಅಭಿಪ್ರಾಯವೂ ಅದೇ. ರಾಜ್ಯಗಳು ಮೊದಲರ್ಧವನ್ನು ಇಟ್ಟುಕೊಂಡು ಎರಡನೇ ಅರ್ಧವನ್ನು ಕೈಬಿಟ್ಟಿದ್ದೇ ಈ ಜಗಳ ಇಷ್ಟು ವರ್ಷ ಎಳೆದುಕೊಂಡು ಬರಲು ಕಾರಣ.

ನಾನು ನಿಜವಾಗಿ ಚಿಂತೆಪಡುವುದು ಮುಂದಿನ ಹೆಜ್ಜೆಯ ಬಗ್ಗೆ. ಈಗಿನ ಬೇಡಿಕೆ ಮತಗಟ್ಟೆಯ ಕಾರ್ಡಿಗೆ ನಿಂತಿಲ್ಲ. ಹೆಸರು ಸೇರಿಸುವಾಗಲೇ ಪೌರತ್ವದ ಕಾಗದ ತೋರಿಸಬೇಕು ಎನ್ನುತ್ತಿದ್ದಾರೆ. ಅಂಥ ಮಸೂದೆ 2025ರ ಏಪ್ರಿಲ್‌ನಲ್ಲಿ ಕೆಳಮನೆಯಲ್ಲಿ ಪಾಸಾಯಿತು. ಕೇಳೋಕೆ ಸರಿಯಾಗೇ ಇದೆ. ಆದರೆ ಸಾಮಾನ್ಯ ಲೈಸೆನ್ಸ್ ಪೌರತ್ವ ತೋರಿಸುವುದಿಲ್ಲ ಎಂದು ಮೇಲೆ ಹೇಳಿದೆನಲ್ಲ. ಪಾಸ್‌ಪೋರ್ಟ್ ಇರುವುದು ಸುಮಾರು ಅರ್ಧದಷ್ಟು ಜನರ ಹತ್ತಿರ, ಹೊಸದಾಗಿ ಮಾಡಿಸಿದರೆ 165 ಡಾಲರ್. ಜನನ ಪ್ರಮಾಣಪತ್ರ ಇದ್ದರೂ, ಮದುವೆಯಾಗಿ ಗಂಡನ ಮನೆಹೆಸರು ಇಟ್ಟುಕೊಂಡ ಹೆಂಗಸರಿಗೆ ಹೆಸರು ತಾಳೆಯಾಗುವುದಿಲ್ಲ.

ಇದನ್ನು ಕ್ಯಾನ್ಸಸ್ ರಾಜ್ಯ ಮಾಡಿ ನೋಡಿದೆ. 2013ರಿಂದ ಅಲ್ಲಿ ಪೌರತ್ವದ ಕಾಗದ ಕಡ್ಡಾಯವಾಯಿತು. 31,000ಕ್ಕೂ ಹೆಚ್ಚು ಅರ್ಜಿಗಳು ಕಾಗದ ಇಲ್ಲವೆಂದು ನಿಂತುಹೋದವು. ಅಲ್ಲಿ ಪಟ್ಟಿಗೆ ಸೇರಿಬಿಟ್ಟಿದ್ದ ಪ್ರಜೆಗಳಲ್ಲದವರು ಎಷ್ಟು ಎಂದು ಕೋರ್ಟಿನಲ್ಲಿ ಲೆಕ್ಕ ಹಾಕಿದಾಗ ಬಂದದ್ದು ಹೆಚ್ಚೆಂದರೆ 39, ಅದೂ 19 ವರ್ಷಗಳಲ್ಲಿ. 2018ರಲ್ಲಿ ನ್ಯಾಯಾಲಯ ಆ ಕಾನೂನನ್ನು ಹೊಡೆದುಹಾಕಿತು, 2020ರಲ್ಲಿ ಮೇಲ್ಮನವಿಯಲ್ಲೂ ಅದೇ ನಿಂತಿತು.

ಈಗ ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ. ಆ 39 ಮಂದಿ, ಜಾರ್ಜಿಯಾದ 20 ಮಂದಿ ಪಟ್ಟಿಯೊಳಗೆ ಬರುವುದಾದರೂ ಹೇಗೆ?

ಹೆಚ್ಚಿನ ಸಲ ಕಾರಣ ಲೈಸೆನ್ಸ್ ಕೊಡುವ ಕಚೇರಿ. 1993ರ ಕಾನೂನಿನ ಪ್ರಕಾರ ಹೆಚ್ಚಿನ ರಾಜ್ಯಗಳಲ್ಲಿ ಡಿಎಂವಿ ಎಂಬ ಈ ಕಚೇರಿಯಲ್ಲೇ ಮತದಾರರ ನೋಂದಣಿಗೂ ಅವಕಾಶ ಇರಬೇಕು. ಲೈಸೆನ್ಸ್‌ಗೆ ಹೋದವರ ಮುಂದೆ ಪರದೆಯಲ್ಲಿ ಪ್ರಶ್ನೆ ಬರುತ್ತದೆ, ಹಿಂದೆ ಕ್ಯೂ ಇರುತ್ತದೆ, ಗಡಿಬಿಡಿಯಲ್ಲಿ "ಯೆಸ್" ಒತ್ತುತ್ತಾರೆ. ಕಚೇರಿಯದೇ ತಪ್ಪಾಗುವುದೂ ಉಂಟು. ಆರೆಗಾನ್‌ನಲ್ಲಿ ಪೌರತ್ವದ ದಾಖಲೆ ತೋರಿಸದ ಸಾವಿರಕ್ಕೂ ಹೆಚ್ಚು ಜನರನ್ನು ಡಿಎಂವಿ ತಾನಾಗಿಯೇ ಪಟ್ಟಿಗೆ ಸೇರಿಸಿದ್ದು 2024ರಲ್ಲಿ ಬೆಳಕಿಗೆ ಬಂತು.

ಎಚ್-1ಬಿ, ಗ್ರೀನ್ ಕಾರ್ಡ್ ಮೇಲೆ ಇರುವ ನಮ್ಮ ಹುಡುಗ ಹುಡುಗಿಯರಿಗೆ ಇದನ್ನು ದಯವಿಟ್ಟು ತಿಳಿಸಿ. ಡಿಎಂವಿಯಲ್ಲಿ ಪೌರತ್ವದ ಪ್ರಶ್ನೆಗೆ, ನೋಂದಣಿಯ ಪ್ರಶ್ನೆಗೆ ಎರಡಕ್ಕೂ "ನೋ" ಎಂದೇ ಉತ್ತರಿಸಬೇಕು. ಸಹಿ ಹಾಕುವ ಮೊದಲು ಪ್ರಿಂಟ್ ಓದಬೇಕು. ವೋಟ್ ಹಾಕದಿದ್ದರೂ, ಪ್ರಜೆ ಎಂದು ಸುಳ್ಳು ಹೇಳಿಕೊಂಡಂತಾದರೆ ಗಡಿಪಾರಿನವರೆಗೂ ಹೋಗಬಹುದು. ಪೌರತ್ವಕ್ಕೆ ತುಂಬುವ ಎನ್-400 ಅರ್ಜಿಯಲ್ಲಿ "ಎಂದಾದರೂ ಮತದಾರರಾಗಿ ನೋಂದಣಿ ಮಾಡಿಸಿದ್ದೀರಾ, ವೋಟ್ ಹಾಕಿದ್ದೀರಾ?" ಎಂಬ ಪ್ರಶ್ನೆಯೇ ಇದೆ. ಮನೆಗೆ ಮತದಾರರ ಕಾರ್ಡೋ ಮತಪತ್ರವೋ ಅಂಚೆಯಲ್ಲಿ ಬಂದರೆ "ಬಂದಿದೆಯಲ್ಲ, ಹಾಕಬಹುದೇನೋ" ಅಂದುಕೊಳ್ಳಬಾರದು. ಹೆಸರು ತೆಗೆಸಲು ಪತ್ರ ಬರೆಯುವ ಮೊದಲೇ ಇಮಿಗ್ರೇಷನ್ ವಕೀಲರನ್ನು ಕಾಣಬೇಕು. ಎನ್-400 ಕಳಿಸುವ ಮೊದಲಂತೂ ಕಾಣಲೇಬೇಕು.

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಇರುವವರಿಗೆ ವೋಟು ಇರುವುದು ಇಲ್ಲಿ. ಫಾರ್ಮ್ 6ಎ ತುಂಬಿದರೆ ಪಾಸ್‌ಪೋರ್ಟಿನಲ್ಲಿರುವ ಊರಿನ ಪಟ್ಟಿಗೆ ಅನಿವಾಸಿ ಮತದಾರರಾಗಿ ಹೆಸರು ಸೇರುತ್ತದೆ. ಅವರಿಗೆ ವೋಟರ್ ಐಡಿ ಕಾರ್ಡ್ ಕೊಡುವುದಿಲ್ಲ. ಮತದಾನದ ದಿನ ಊರಿಗೆ ಬಂದು ಅಸಲಿ ಪಾಸ್‌ಪೋರ್ಟ್ ತೋರಿಸಿದರೆ ಸಾಕು.