ಸೀಲಿಯಾಕ್ ಆಂಟಿಬಾಡಿ ರಿಪೋರ್ಟ್ ಓದುವುದು ಹೇಗೆ? ಜೊತೆಗೆ ಬೇರೆ ಆಟೋಇಮ್ಯೂನ್ ಪರೀಕ್ಷೆಗಳೂ

"ಈ ಕಾಯಿಲೆಗೆ ಈ ಆಂಟಿಬಾಡಿ" ಅನ್ನುವ ಪಟ್ಟಿಯನ್ನು ಎಲ್ಲರೂ ಬಾಯಿಪಾಠ ಮಾಡುತ್ತೇವೆ. ಪಟ್ಟಿ ಬೇಕು, ಆದರೆ ಪಾಸಿಟಿವ್ ಬಂದರೆ ಎಷ್ಟು ನಂಬಬೇಕು, ನೆಗೆಟಿವ್ ಬಂದರೆ ಯಾವಾಗ ಅನುಮಾನ ಪಡಬೇಕು ಅನ್ನೋದು ಅದರಲ್ಲಿ ಇರುವುದಿಲ್ಲ. ಅದನ್ನು ಕಲಿಯಲು ಸೀಲಿಯಾಕ್ ತುಂಬಾ ಒಳ್ಳೆಯ ಉದಾಹರಣೆ. ಗ್ಲುಟೆನ್ ಎಂಬ ಧಾನ್ಯದ ಪ್ರೋಟೀನ್ ತಿಂದಾಗ ಸಣ್ಣ ಕರುಳು ಹಾಳಾಗುವ ಆಟೋಇಮ್ಯೂನ್ ಕಾಯಿಲೆ ಇದು, ಅಂದರೆ ರೋಗನಿರೋಧಕ ವ್ಯವಸ್ಥೆ ನಮ್ಮದೇ ದೇಹದ ಮೇಲೆ ತಿರುಗಿಬೀಳುವುದು. ಕಾಯಿಲೆಯನ್ನು ಕೆರಳಿಸುವುದು ಯಾವುದು, ಆಂಟಿಬಾಡಿಯ ಗುರಿ ಯಾವುದು, ಇಲ್ಲಿ ಎರಡೂ ಗೊತ್ತಿದೆ.

ಗೋಧಿ, ಬಾರ್ಲಿ, ರೈಗಳಲ್ಲಿರುವ ಗ್ಲುಟೆನ್ ಪೂರ್ತಿ ಜೀರ್ಣವಾಗುವುದಿಲ್ಲ. ಉಳಿದ ತುಣುಕುಗಳು ಸಣ್ಣ ಕರುಳಿನ ಒಳಪದರ ದಾಟಿದಾಗ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್, ಅಂದರೆ ಟಿಟಿಜಿ ಎಂಬ ಕಿಣ್ವ ಅವುಗಳಲ್ಲಿರುವ ಗ್ಲುಟಮಿನ್ ಅನ್ನು ಗ್ಲುಟಮಿಕ್ ಆಮ್ಲ ಮಾಡುತ್ತದೆ. ಹಾಗೆ ಬದಲಾದ ತುಣುಕು ಎಚ್‌ಎಲ್‌ಎ ಡಿಕ್ಯೂ2 ಅಥವಾ ಡಿಕ್ಯೂ8 ಎಂಬ, ಹುಟ್ಟಿನಿಂದ ಬರುವ ಪ್ರೋಟೀನ್‌ಗೆ ಗಟ್ಟಿಯಾಗಿ ಅಂಟಿಕೊಂಡು ಟಿ ಕೋಶಗಳನ್ನು (ರೋಗನಿರೋಧಕ ಕೋಶಗಳನ್ನು) ಎಬ್ಬಿಸುತ್ತದೆ. ಸರಿ, ಆಂಟಿಬಾಡಿ ನಮ್ಮದೇ ಟಿಟಿಜಿ ಮೇಲೆ ಯಾಕೆ ಹುಟ್ಟಬೇಕು? ಹೆಚ್ಚಿನವರು ಒಪ್ಪುವ ವಿವರಣೆ ಹೀಗಿದೆ: ಟಿಟಿಜಿಯೂ ಗ್ಲುಟೆನ್ ತುಣುಕೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಟಿಟಿಜಿಯನ್ನು ಗುರುತಿಸುವ ಬಿ ಕೋಶ (ಆಂಟಿಬಾಡಿ ತಯಾರಿಸುವ ಕೋಶ) ಎರಡನ್ನೂ ಒಟ್ಟಿಗೆ ನುಂಗುತ್ತದೆ, ಆಮೇಲೆ ಗ್ಲುಟೆನ್ ತುಣುಕನ್ನು ತೋರಿಸಿ ಟಿ ಕೋಶದ ನೆರವು ಪಡೆಯುತ್ತದೆ. ಈ ಗುರಿ ಟಿಟಿಜಿ ಅಂತ ಗೊತ್ತಾಗಿದ್ದು 1997ರಲ್ಲಿ.

ಇದು ಅರ್ಥವಾದರೆ ಮುಂದಿನದು ತಾನಾಗೇ ಬರುತ್ತದೆ. ಗ್ಲುಟೆನ್ ನಿಂತರೆ ನೆರವು ನಿಲ್ಲುತ್ತದೆ, ಆಂಟಿಬಾಡಿ ತಿಂಗಳುಗಳಲ್ಲಿ ಇಳಿಯುತ್ತದೆ. ಅದಕ್ಕೇ ಪರೀಕ್ಷೆಗೆ ಮೊದಲೇ ಯಾರಾದರೂ ತಾವಾಗಿ ಗ್ಲುಟೆನ್ ಬಿಟ್ಟಿದ್ದರೆ ಆ ನೆಗೆಟಿವ್ ರಿಪೋರ್ಟಿಗೆ ಅರ್ಥವಿಲ್ಲ. ರಕ್ತ ಕೊಡುವವರೆಗೂ ತಿನ್ನುತ್ತಲೇ ಇರಬೇಕು, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಬಿಟ್ಟು ತುಂಬಾ ದಿನ ಆಗಿದ್ದರೆ ಎಚ್‌ಎಲ್‌ಎ ಪರೀಕ್ಷೆ ನೆರವಿಗೆ ಬರುತ್ತದೆ, ಏಕೆಂದರೆ ಅದು ಊಟದ ಮೇಲೆ ನಿಂತಿಲ್ಲ. ಡಿಕ್ಯೂ2, ಡಿಕ್ಯೂ8 ಎರಡೂ ಇಲ್ಲದಿದ್ದರೆ ಸೀಲಿಯಾಕ್ ಇರುವ ಸಾಧ್ಯತೆ ಬಹಳ ಕಡಿಮೆ. ಇದ್ದರೆ ಮಾತ್ರ ಏನೂ ಸಾಬೀತಾಗದು, ಎಷ್ಟೋ ಆರೋಗ್ಯವಂತರಲ್ಲೂ ಅವು ಇರುತ್ತವೆ.

ನೆಗೆಟಿವ್‌ಗೆ ಇನ್ನೊಂದು ಕಾರಣ ಐಜಿಎ ಕೊರತೆ. ಐಜಿಎ, ಐಜಿಜಿ ಅನ್ನೋದು ಆಂಟಿಬಾಡಿಗಳ ಎರಡು ಬಗೆ. ಮೊದಲ ಪರೀಕ್ಷೆ ಟಿಟಿಜಿ-ಐಜಿಎ (ಟಿಟಿಜಿ ಮೇಲಿನ ಐಜಿಎ), ಮೈಯಲ್ಲಿ ಐಜಿಎಯೇ ಇಲ್ಲದಿದ್ದರೆ ಅದು ಏನನ್ನು ಅಳೆಯಬೇಕು? ಸೀಲಿಯಾಕ್ ಇರುವವರಲ್ಲಿ ಸುಮಾರು 2ರಿಂದ 3 ಶೇಕಡಾ ಮಂದಿಗೆ ಈ ಕೊರತೆ ಇದೆ, ಉಳಿದ ಜನರಿಗಿಂತ ಜಾಸ್ತಿ. ಆದ್ದರಿಂದ ಒಟ್ಟು ಐಜಿಎಯನ್ನೂ ಜೊತೆಗೇ ನೋಡಬೇಕು. ಕೊರತೆ ಇದ್ದರೆ ಡಿಜಿಪಿ-ಐಜಿಜಿ (ಬದಲಾದ ಗ್ಲುಟೆನ್ ತುಣುಕಿನ ಮೇಲಿನ ಐಜಿಜಿ) ಅಥವಾ ಟಿಟಿಜಿ-ಐಜಿಜಿ ನೋಡಬೇಕು.

ಇನ್ನು ಪಾಸಿಟಿವ್. ಇಲ್ಲಿ ಒಂದು ಲೆಕ್ಕ ಮಾಡಿ ನೋಡಿ. ಸಂವೇದನೆ (ಕಾಯಿಲೆ ಇದ್ದವರಲ್ಲಿ ಪಾಸಿಟಿವ್ ಬರುವ ಪ್ರಮಾಣ) 95%, ನಿರ್ದಿಷ್ಟತೆ (ಇಲ್ಲದವರಲ್ಲಿ ನೆಗೆಟಿವ್ ಬರುವ ಪ್ರಮಾಣ) 95% ಇರುವ ಪರೀಕ್ಷೆ ಅಂದುಕೊಳ್ಳಿ, 10,000 ಜನರಲ್ಲಿ 100 ಜನಕ್ಕೆ ಕಾಯಿಲೆ. ಅವರಲ್ಲಿ 95 ಜನ ಪಾಸಿಟಿವ್. ಆರೋಗ್ಯವಂತ 9,900 ಜನರಲ್ಲೂ 495 ಪಾಸಿಟಿವ್! ಒಟ್ಟು 590ರಲ್ಲಿ ನಿಜವಾದವು 95, ಅಂದರೆ ಸುಮಾರು 16%. ಅದೇ ಪರೀಕ್ಷೆಯನ್ನು ಕಾಯಿಲೆಯ ಸಾಧ್ಯತೆ 30% ಇರುವ ಗುಂಪಿನಲ್ಲಿ ಮಾಡಿದರೆ ಸುಮಾರು 89% ನಿಜ. ಕಿಟ್ ಒಂದೇ, ಬದಲಾಗಿದ್ದು ಯಾರಿಗೆ ಮಾಡಿದ್ದು ಅನ್ನೋದು ಮಾತ್ರ, ಅಲ್ವಾ?

ಆಂಟಿಬಾಡಿ ಮಟ್ಟ ಎಷ್ಟು ಎತ್ತರಕ್ಕೆ ಹೋಗಿದೆ ಅನ್ನೋದೂ ಮುಖ್ಯ. ಸಾಮಾನ್ಯ ಮಿತಿಗಿಂತ ಸ್ವಲ್ಪ ಮೇಲಿದ್ದರೆ ಅನುಮಾನಕ್ಕೆ ಜಾಗವಿದೆ. ಯುರೋಪಿನ ಮಕ್ಕಳ ಜೀರ್ಣಾಂಗ ತಜ್ಞರ ಸಂಘ ಎಸ್ಪ್‌ಗಾನ್‌ನ 2020ರ ಮಾರ್ಗಸೂಚಿ ಪ್ರಕಾರ, ಮಗುವಿನ ಟಿಟಿಜಿ-ಐಜಿಎ ಮಿತಿಯ 10 ಪಟ್ಟು ಅಥವಾ ಮೇಲಿದ್ದು, ಬೇರೆ ರಕ್ತದ ಮಾದರಿಯಲ್ಲಿ ಇಎಂಎ (ಸೀಲಿಯಾಕ್‌ನ ಇನ್ನೊಂದು ಆಂಟಿಬಾಡಿ ಪರೀಕ್ಷೆ) ಕೂಡ ಪಾಸಿಟಿವ್ ಬಂದರೆ ಬಯಾಪ್ಸಿ (ಕರುಳಿನ ಚೂರು ತೆಗೆದು ನೋಡುವುದು) ಇಲ್ಲದೇ ನಿರ್ಧರಿಸಬಹುದು. ದೊಡ್ಡವರಲ್ಲಿ ಸಾಮಾನ್ಯವಾಗಿ ಬಯಾಪ್ಸಿ ಮಾಡುತ್ತಾರೆ.

ಬೇರೆ ಕಾಯಿಲೆಗಳಿಗೂ ಇದೇ ಕಣ್ಣಿನಿಂದ ನೋಡಿ. ಎಎನ್‌ಎ (ಕೋಶದ ನ್ಯೂಕ್ಲಿಯಸ್ ಮೇಲಿನ ಆಂಟಿಬಾಡಿ) ಕಡಿಮೆ ಟೈಟರ್‌ನಲ್ಲಿ, ಅಂದರೆ ಕಡಿಮೆ ಮಟ್ಟದಲ್ಲಿ, ಆರೋಗ್ಯವಂತರಲ್ಲೂ ಧಾರಾಳ ಸಿಗುತ್ತದೆ, ಸುಮ್ನೆ ಮೈಕೈ ನೋವಿಗೆಲ್ಲ ಮಾಡಿಸಿದರೆ ಗೊಂದಲ ಹೆಚ್ಚುತ್ತದೆ ಅಷ್ಟೇ. ಆದರೆ ಹಲವು ಅಂಗಗಳನ್ನು ಕಾಡುವ ಆಟೋಇಮ್ಯೂನ್ ಕಾಯಿಲೆ ಲೂಪಸ್‌ನಲ್ಲಿ ಎಎನ್‌ಎ ನೆಗೆಟಿವ್ ಇರುವುದು ಅಪರೂಪ, ಹಾಗಾಗಿ ಅದರ ನೆಗೆಟಿವ್‌ಗೆ ಬೆಲೆ ಜಾಸ್ತಿ. ಲೂಪಸ್‌ನ ಇನ್ನೊಂದು ಆಂಟಿಬಾಡಿ ಆಂಟಿ-ಸ್ಮಿತ್ ಇದಕ್ಕೆ ತದ್ವಿರುದ್ಧ: ಬಂದರೆ ಬಲವಾದ ಸಾಕ್ಷಿ, ಬರದಿದ್ದರೆ ಏನೂ ಹೇಳಲಾಗದು. ಟೈಪ್ 1 ಮಧುಮೇಹದಲ್ಲಿ ಜಿಎಡಿ, ಐಎ-2, ಜಿಂಕ್ ಟ್ರಾನ್ಸ್‌ಪೋರ್ಟರ್ 8 ಮುಂತಾದವುಗಳ ಮೇಲಿನ ಆಂಟಿಬಾಡಿಗಳಲ್ಲಿ ಎರಡೋ ಹೆಚ್ಚೋ ಇದ್ದರೆ, ಸಕ್ಕರೆ ಮಟ್ಟ ಸರಿಯಿದ್ದರೂ ಅದನ್ನು ಮೊದಲ ಹಂತ ಅಂತಲೇ ಎಣಿಸುತ್ತಾರೆ. ಈ ಮಧುಮೇಹ ಇರುವವರಲ್ಲಿ ಸೀಲಿಯಾಕ್ ಹೆಚ್ಚು ಕಾಣುವುದರಿಂದ ಅವರಿಗೆ ಟಿಟಿಜಿ-ಐಜಿಎ ಕೂಡ ಮಾಡಿಸುತ್ತಾರೆ.

ಕೊನೆಗೆ, ಗ್ಲುಟೆನ್ ಬಿಟ್ಟ ಮೇಲೆ ಟಿಟಿಜಿ ಇಳಿಯದಿದ್ದರೆ ಎಲ್ಲೋ ಗ್ಲುಟೆನ್ ಸೇರುತ್ತಿದೆಯಾ ಅಂತ ಮೊದಲು ಹುಡುಕಬೇಕು. ಇಳಿದು ಸಾಮಾನ್ಯವಾದರೂ ಕರುಳು ಪೂರ್ತಿ ವಾಸಿಯಾಗಿದೆ ಅಂತ ಅದೊಂದರಿಂದಲೇ ಹೇಳಲು ಆಗುವುದಿಲ್ಲ.