ಕಂಚಿಗೆ ಅಲುಗದ ಮುಳ್ಳು

ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನು ನೋಡಿದವರಿಗೆ ಅದರ ಗಾತ್ರ ಮರೆಯೋದಿಲ್ಲ. ಐವತ್ತು ಟನ್ನಿಗೂ ಜಾಸ್ತಿ ತೂಕ. ಆದರೂ ದಿಕ್ಸೂಚಿಯ ಮುಳ್ಳನ್ನು ಎಳೆಯುವ ಶಕ್ತಿ ಅದಕ್ಕಿಲ್ಲ. ಯಾಕಂದ್ರೆ ಅದು ಕಬ್ಬಿಣದ್ದಲ್ಲ, ಕಂಚಿನ ಎರಕ.

ಅದೇ ದಿಕ್ಸೂಚಿಯನ್ನು ಎರೆ ಹೊಲದ ಬದುವಿನ ಕರಿಕಲ್ಲಿಗೆ ತಾಗಿಸಿ ನಿಧಾನವಾಗಿ ಸರಿಸಿ ನೋಡಿ. ನಾನು ನೋಡಿದ್ದೇನೆ. ಎಲ್ಲ ಕಲ್ಲಿಗೂ ಅಲ್ಲ, ಕೆಲವಕ್ಕೆ ಮುಳ್ಳು ಸಣ್ಣಗೆ ವಾಲುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಆರಿ ಕಲ್ಲಾಗುವಾಗ, ಅದರೊಳಗಿನ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಕಣಗಳು ಆಗಿನ ಭೂಕಾಂತದ ದಿಕ್ಕನ್ನೇ ಹಿಡಿದುಕೊಂಡವು. ಆ ಪದರಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಭೂಮಿಯ ಕಾಂತ ಇಂದಿಗೆ ತಿರುಗುಮುರುಗಾಗಿದ್ದ ಕಾಲದಲ್ಲಿ!

ಆದರೆ ಕಲ್ಲು ಒಮ್ಮೆ ಬರೆದುಕೊಂಡು ಸುಮ್ಮನಾಯಿತು. ಭೂಕಾಂತ ಸುಮ್ಮನಿರುವುದಿಲ್ಲ. ನಮ್ಮ ಭಾಗದಲ್ಲಿ ಅದರ ಬಲ ಸುಮಾರು 40 ಸಾವಿರ ನ್ಯಾನೊಟೆಸ್ಲಾ (ಕಾಂತದ ಬಲ ಅಳೆಯುವ ಮಾನ). ಮಧ್ಯಾಹ್ನದ ಹೊತ್ತಿಗೆ ಅದು ಕೆಲವು ಹತ್ತು ನ್ಯಾನೊಟೆಸ್ಲಾ ಏರಿ ಮತ್ತೆ ಇಳಿಯುತ್ತದೆ. ನೂರು ಕಿಲೋಮೀಟರ್ ಎತ್ತರದ ಗಾಳಿಯಲ್ಲಿ ಬಿಸಿಲು ವಿದ್ಯುತ್ ಹರಿಸುವುದರಿಂದ ಹೀಗಾಗುತ್ತದೆ. ಇಷ್ಟು ಸಣ್ಣ ಏರಿಳಿತ ಹಿಡಿಯಬೇಕಾದರೆ ಹಗಲೂ ರಾತ್ರಿ ಕಾಯುವ ವೀಕ್ಷಣಾಲಯ ಬೇಕು.

ಮುಂಬಯಿಯ ಕೊಲಾಬಾದಲ್ಲಿ 1841ರಿಂದ ಈ ಕಾವಲು ನಡೆದಿತ್ತು. ನಗರಕ್ಕೆ ವಿದ್ಯುತ್ ಟ್ರಾಮ್ ಬರುತ್ತದೆ ಅಂದಾಗ ಕಷ್ಟ ಶುರುವಾಯಿತು. ಟ್ರಾಮಿನ ವಿದ್ಯುತ್ತಿಗೂ ತನ್ನದೇ ಕಾಂತವಿದೆ, ಅಲ್ವಾ? ಹಾಗಾಗಿ 1904ರಲ್ಲಿ ಸಮುದ್ರದಾಚೆಯ ಅಲಿಬಾಗ್‌ನಲ್ಲಿ ಹೊಸ ವೀಕ್ಷಣಾಲಯ ಶುರುವಾಯಿತು. 1906ರವರೆಗೆ ಎರಡೂ ಕಡೆ ಒಟ್ಟಿಗೆ ಅಳೆದರು. ಹಳೆಯ ದಾಖಲೆಗೂ ಹೊಸದಕ್ಕೂ ಕೊಂಡಿ ಕಳಚದಂತೆ ಅವರು ಪಟ್ಟ ಈ ಶ್ರಮ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಅಲಿಬಾಗ್ ಕೂಡ ಕರಿಕಲ್ಲಿನ ಸೀಮೆಯೇ. ಆದರೂ ಅಳತೆಯ ಕಟ್ಟಡಕ್ಕೆ ಕಲ್ಲು ತರಿಸಿದ್ದು ಗುಜರಾತಿನ ಪೋರಬಂದರಿನಿಂದ. ಕಬ್ಬಿಣದ ಮೊಳೆಯನ್ನೂ ದೂರ ಇಟ್ಟು ತಾಮ್ರ, ಹಿತ್ತಾಳೆ ಬಳಸಿದರು. ತೋಪಿನ ಕಂಚಿನ ಗುಣವೇ ಇವಕ್ಕೂ ಇದೆ, ಮುಳ್ಳಿನ ತಂಟೆಗೆ ಹೋಗೋದಿಲ್ಲ.

ಇಷ್ಟೆಲ್ಲ ಜೋಪಾನ ಯಾಕೆ? 1859ರ ಸೆಪ್ಟೆಂಬರ್ 2ರಂದು ಸೂರ್ಯನಿಂದ ಸಿಡಿದು ಬಂದ ವಿದ್ಯುತ್ ಕಣಗಳ ಬಿರುಗಾಳಿ ಭೂಮಿಗೆ ಬಡಿಯಿತು. ಪಶ್ಚಿಮದ ದೇಶಗಳಲ್ಲಿ ಟೆಲಿಗ್ರಾಫ್ ತಂತಿಗಳು ಕಿಡಿ ಕಾರಿದವು. ಕೊಲಾಬಾದಲ್ಲಿ ಭೂಕಾಂತದ ಬಲ ಸುಮಾರು 1,600 ನ್ಯಾನೊಟೆಸ್ಲಾ ಕುಸಿಯಿತು. ಅಲ್ಲಿದ್ದವರು ಅದನ್ನು ಕಣ್ಣಲ್ಲಿ ಓದಿ, ಕೈಯಲ್ಲಿ ಬರೆದಿಟ್ಟರು. ಅಂಥದ್ದೇ ಬಿರುಗಾಳಿ ಮತ್ತೆ ಬಂದರೆ ನಮ್ಮ ವಿದ್ಯುತ್ ಜಾಲ, ಉಪಗ್ರಹಗಳ ಗತಿಯೇನು ಎಂದು ಲೆಕ್ಕ ಹಾಕುವ ವಿಜ್ಞಾನಿಗಳು ಇವತ್ತಿಗೂ ತೆರೆದು ನೋಡುವುದು ಆ ಅಂಕಿಗಳನ್ನೇ.