ಜಾವಾ ಇದ್ದರೂ 'ಜಾವಾ ಇಲ್ಲ' ಎನ್ನುವ ಅಪ್ಲಿಕೇಶನ್: ಎಲ್ಲಿ ಹುಡುಕುತ್ತದೆ, ಏಕೆ ಸಿಗುವುದಿಲ್ಲ

ವಿಂಡೋಸ್‌ನಲ್ಲಿ ಐಕಾನ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ, ಈ ಪ್ರೋಗ್ರಾಮಿಗೆ ಜಾವಾ ರನ್‌ಟೈಮ್ (ಜಾವಾದಲ್ಲಿ ಬರೆದ ಪ್ರೋಗ್ರಾಮ್‌ಗಳನ್ನು ಓಡಿಸುವ ತಂತ್ರಾಂಶ) ಬೇಕು ಎಂಬ ಪುಟ್ಟ ಪೆಟ್ಟಿಗೆ ಬರುತ್ತದೆ. ಓಕೆ ಒತ್ತಿದರೆ ಬ್ರೌಸರ್ ತೆರೆದು ಡೌನ್‌ಲೋಡ್ ಪುಟ ಬರುತ್ತದೆ. ಅದೇ ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಜಾವಾ -ವರ್ಷನ್' ಎಂದು ಹೊಡೆದರೆ 17 ಎಂಬ ಉತ್ತರ ಸಲೀಸಾಗಿ ಬರುತ್ತದೆ. ಇಲ್ಲಿ ಸಾಮಾನ್ಯವಾಗಿ ಎಲ್ಲರೂ ಜಾವಾ ತೆಗೆದು ಮತ್ತೆ ಹಾಕುತ್ತಾರೆ, ರೀಸ್ಟಾರ್ಟ್ ಮಾಡುತ್ತಾರೆ. ಮತ್ತೆ ಅದೇ ಪೆಟ್ಟಿಗೆ.

ಅಪ್ಲಿಕೇಶನ್ 'ಇಲ್ಲ' ಎಂದರೆ 'ನಾನು ನೋಡಿದ ಕಡೆ ಇಲ್ಲ' ಎಂದಷ್ಟೇ ತಿಳಿಯಬೇಕು. ಹಾಗಾಗಿ ರೀಇನ್‌ಸ್ಟಾಲ್‌ಗೆ ಕೈಹಾಕುವ ಮೊದಲು ಅದು ನೋಡಿದ್ದೆಲ್ಲಿ ಎಂದು ಪತ್ತೆ ಮಾಡಬೇಕು. ನೋಡಬಹುದಾದ ಜಾಗಗಳು ನಾಲ್ಕು: ತನ್ನದೇ ಫೋಲ್ಡರ್, ವಿಂಡೋಸ್ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಕಡತ), ಜಾವಾ_ಹೋಮ್ ಎಂಬ ವೇರಿಯಬಲ್ (ಜಾವಾ ಇರುವ ಫೋಲ್ಡರಿನ ವಿಳಾಸ ಬರೆದಿಡುವ ಸೆಟ್ಟಿಂಗ್), ಪಾತ್ (ಹೊಡೆದ ಆಜ್ಞೆಯನ್ನು ವಿಂಡೋಸ್ ಹುಡುಕುವ ಫೋಲ್ಡರ್‌ಗಳ ಪಟ್ಟಿ). ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ನೋಡಲೇಬಾರದು ಎಂಬುದು ಆ ಪ್ರೋಗ್ರಾಮ್ ಬರೆದವರ ಇಷ್ಟ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಬಂದ ಉತ್ತರ ಪಾತ್ ಸರಿ ಇದೆ ಎಂದು ಮಾತ್ರ ಹೇಳುತ್ತದೆ, ಉಳಿದ ಮೂರರ ಬಗ್ಗೆ ಏನನ್ನೂ ಹೇಳುವುದಿಲ್ಲ.

ಎಡವಟ್ಟು ಹೆಚ್ಚಾಗಿ ಆಗುವುದು ರಿಜಿಸ್ಟ್ರಿಯಲ್ಲಿ. ಜಾವಾ 8ರವರೆಗಿನ ಇನ್‌ಸ್ಟಾಲರ್ 'ಎಚ್‌ಕೆಎಲ್‌ಎಂ → ಸಾಫ್ಟ್‌ವೇರ್ → ಜಾವಾಸಾಫ್ಟ್ → ಜಾವಾ ರನ್‌ಟೈಮ್ ಎನ್ವಿರಾನ್‌ಮೆಂಟ್' ಎಂಬ ಕೀ (ರಿಜಿಸ್ಟ್ರಿಯೊಳಗಿನ ಫೋಲ್ಡರಿನಂಥ ಜಾಗ) ಮಾಡುತ್ತಿತ್ತು. ಅದರೊಳಗೆ 'ಕರೆಂಟ್‌ವರ್ಷನ್' ಎಂಬಲ್ಲಿ 1.8 ಎಂದಿರುತ್ತದೆ, 1.8 ಎಂಬ ಒಳಕೀಯಲ್ಲಿ ಜಾವಾ ಇರುವ ಫೋಲ್ಡರಿನ ವಿಳಾಸ ಇರುತ್ತದೆ. (ಜಾವಾಸಾಫ್ಟ್ ಎಂಬುದು ಸನ್ ಮೈಕ್ರೋಸಿಸ್ಟಮ್ಸ್ ಕಾಲದ ಹೆಸರು. 2010ರಲ್ಲಿ ಒರಾಕಲ್ ಸನ್ ಅನ್ನು ಕೊಂಡರೂ ಕೀ ಹಾಗೆಯೇ ಉಳಿಯಿತು. ಬದಲಿಸಿದ್ದರೆ ಎಷ್ಟು ಪ್ರೋಗ್ರಾಮ್‌ಗಳು ಮಲಗುತ್ತಿದ್ದವೋ!) 2017ರಲ್ಲಿ ಬಂದ ಜಾವಾ 9ರಿಂದ ಒಳಕೀಗಳ ಹೆಸರು ಬರೀ 'ಜೆಆರ್‌ಇ' (ಓಡಿಸಲು ಬೇಕಾದ ರನ್‌ಟೈಮ್), 'ಜೆಡಿಕೆ' (ಪ್ರೋಗ್ರಾಮ್ ಬರೆಯುವವರಿಗೆ ಬೇಕಾದ ಪೂರ್ತಿ ಕಟ್ಟು) ಎಂದಾಯಿತು. ಆವೃತ್ತಿ ಬರೆಯುವ ರೀತಿಯೂ 1.8 ಎಂಬುದರಿಂದ 9, 11, 17 ಎಂಬುದಕ್ಕೆ ತಿರುಗಿತು. ಹಳೆಯ ಕೀಯನ್ನೇ ಹುಡುಕುವ ಲಾಂಚರ್‌ಗೆ (ಐಕಾನ್ ಒತ್ತಿದಾಗ ಜಾವಾ ಹುಡುಕಿ ಪ್ರೋಗ್ರಾಮ್ ಶುರು ಮಾಡುವ ಪುಟ್ಟ ಇಎಕ್ಸ್‌ಇಗೆ) ಕಣ್ಣೆದುರೇ ಇರುವ 17 ಕಾಣುವುದಿಲ್ಲ.

ಇನ್ನೊಂದು ತೊಡಕೂ ಇದೆ. ಈಗ ಬಹಳ ಮಂದಿ ಹಾಕಿಕೊಳ್ಳುವುದು ಎಕ್ಲಿಪ್ಸ್ ಟೆಮುರಿನ್ ಎಂಬ ಉಚಿತ ಜಾವಾವನ್ನು. ಅದರ ಇನ್‌ಸ್ಟಾಲರ್‌ನಲ್ಲಿ ಯಾವ ಯಾವ ಭಾಗ ಬೇಕು ಎಂದು ಕೇಳುವ ಒಂದು ಪರದೆ ಬರುತ್ತದೆ. ಅಲ್ಲಿ ಪಾತ್‌ಗೆ ಸೇರಿಸುವ ಆಯ್ಕೆ ಮೊದಲೇ ಆನ್ ಆಗಿರುತ್ತದೆ. ಜಾವಾ_ಹೋಮ್ ಹೊಂದಿಸುವುದು, ಜಾವಾಸಾಫ್ಟ್ ಕೀ ಬರೆಯುವುದು ಎಂಬ ಇನ್ನೆರಡರ ಪಕ್ಕ ಕೆಂಪು ಗುಣಿಸು ಗುರುತು, ಅಂದರೆ ಅವು ಆಫ್. ನೆಕ್ಸ್ಟ್, ನೆಕ್ಸ್ಟ್ ಎಂದು ಒತ್ತುತ್ತ ಹೋದರೆ ಪಾತ್ ಮಾತ್ರ ಸಿಗುತ್ತದೆ; ಮೇಲೆ ಹೇಳಿದ 'ಪ್ರಾಂಪ್ಟ್‌ನಲ್ಲಿ ಇದೆ, ಐಕಾನ್‌ಗೆ ಇಲ್ಲ' ಎಂಬ ಸ್ಥಿತಿಗೆ ಇದೇ ದಾರಿ. ಇನ್‌ಸ್ಟಾಲರ್ ಮತ್ತೆ ಓಡಿಸಿ ಆ ಎರಡನ್ನೂ ಆನ್ ಮಾಡಿದರೆ ಸಾಕಷ್ಟು ಸಲ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಜಾವಾ_ಹೋಮ್ ಅನ್ನು ಕೈಯಾರೆ ಬರೆಯುವವರು ಎರಡು ವಿಷಯ ಗಮನಿಸಿ. ವಿಳಾಸ ಜಾವಾದ ಮುಖ್ಯ ಫೋಲ್ಡರಿಗೆ ಇರಬೇಕು, ಅದರೊಳಗಿನ 'ಬಿನ್'ಗೆ ಅಲ್ಲ. ಲಾಂಚರ್ ತಾನೇ 'ಬಿನ್' ಸೇರಿಸಿಕೊಳ್ಳುವುದರಿಂದ, ನೀವೂ ಬರೆದಿದ್ದರೆ ಅದು 'ಬಿನ್' ಒಳಗಿನ 'ಬಿನ್' ಹುಡುಕಿ ಬರಿಗೈಯಲ್ಲಿ ವಾಪಸ್ ಬರುತ್ತದೆ. ಇನ್ನು ಟೆಮುರಿನ್‌ನ ಫೋಲ್ಡರ್ ಹೆಸರಿನಲ್ಲೇ ಪೂರ್ತಿ ಆವೃತ್ತಿ ಸಂಖ್ಯೆ ಇರುತ್ತದೆ. ಅಪ್‌ಡೇಟ್ ಆದಾಗ ಫೋಲ್ಡರ್ ಹೆಸರು ಬದಲಾಗುತ್ತದೆ, ನೀವು ಬರೆದ ವಿಳಾಸ ಹಳೆಯದಾಗಿಯೇ ಉಳಿಯುತ್ತದೆ. ನಿನ್ನೆವರೆಗೆ ಓಡುತ್ತಿದ್ದದ್ದು ಇವತ್ತು ನಿಂತಿತು ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ. ವೇರಿಯಬಲ್ ತಿದ್ದಿದ ಮೇಲೆ ಹೊಸ ಪ್ರಾಂಪ್ಟ್ ತೆರೆಯಿರಿ, ಆಗಲೇ ತೆರೆದಿರುವ ಕಿಟಕಿಯಲ್ಲಿ ಹಳೆಯ ವಿಳಾಸವೇ ಇರುತ್ತದೆ.

ಪಾತ್‌ನಲ್ಲಿ ಎಷ್ಟು ಜಾವಾಗಳಿವೆ ಎಂದು 'ವೇರ್ ಜಾವಾ' ಹೇಳುತ್ತದೆ. ಮೊದಲ ಸಾಲಿನದೇ ಓಡುವುದು. ಪವರ್‌ಶೆಲ್‌ನಲ್ಲಾದರೆ 'ವೇರ್' ಬೇರೆಯದೇ ಆಜ್ಞೆ, ಅಲ್ಲಿ 'ವೇರ್.ಇಎಕ್ಸ್‌ಇ' ಎಂದೇ ಬರೆಯಬೇಕು.

32-ಬಿಟ್, 64-ಬಿಟ್ ವಿಷಯ. ಕೆಲವು ಅಪ್ಲಿಕೇಶನ್‌ಗಳು ಇದಕ್ಕೆ ತಲೆಕೆಡಿಸಿಕೊಳ್ಳುವುದಿಲ್ಲ, ಕೆಲವು ಹಟ ಹಿಡಿಯುತ್ತವೆ. ಜಾವಾವನ್ನು ಬೇರೆ ಪ್ರೋಸೆಸ್ ಆಗಿ ಶುರು ಮಾಡುವ ಲಾಂಚರ್‌ಗೆ ಯಾವ ಬಿಟ್ ಆದರೂ ನಡೆದೀತು. ಆದರೆ ಲಿಬ್ರೆಆಫೀಸ್ ಎಂಬ ಉಚಿತ ಆಫೀಸ್ ತಂತ್ರಾಂಶ ಜಾವಾದ ಡಿಎಲ್‌ಎಲ್ (ಬೇರೆ ಪ್ರೋಗ್ರಾಮ್‌ಗಳು ಎರವಲು ಪಡೆಯುವ ಕೋಡ್ ಫೈಲ್) ಅನ್ನು ತನ್ನ ಪ್ರೋಸೆಸ್ ಒಳಗೇ ಎಳೆದುಕೊಳ್ಳುತ್ತದೆ. 64-ಬಿಟ್ ಪ್ರೋಸೆಸ್‌ಗೆ 32-ಬಿಟ್ ಡಿಎಲ್‌ಎಲ್ ಲೋಡ್ ಮಾಡಲು ವಿಂಡೋಸ್ ಬಿಡುವುದಿಲ್ಲ. ರೈಟರ್, ಕ್ಯಾಲ್ಕ್ ಬಳಸುವವರಿಗೆ ಇದು ಹೆಚ್ಚಾಗಿ ಗೊತ್ತೇ ಆಗುವುದಿಲ್ಲ. ಅದರ ಡೇಟಾಬೇಸ್ ಭಾಗವಾದ ಬೇಸ್‌ನಲ್ಲಿ, ಜಾವಾದಲ್ಲೇ ಬರೆದ ಎಚ್‌ಎಸ್‌ಕ್ಯುಎಲ್‌ಡಿಬಿ ಬಗೆಯ ಡೇಟಾಬೇಸ್ ತೆರೆದ ಕೂಡಲೇ ದೂರು ಶುರು. ಟೂಲ್ಸ್, ಆಪ್ಶನ್ಸ್, ಅಡ್ವಾನ್ಸ್ಡ್ ಎಂಬಲ್ಲಿ ಕಂಡ ಜಾವಾಗಳ ಪಟ್ಟಿ ಇದೆ. ಪಟ್ಟಿ ಖಾಲಿ ಇದ್ದರೆ ಹೊಂದುವ ಬಿಟ್‌ನ ಜಾವಾ ಹಾಕಿ, ಆ್ಯಡ್ ಒತ್ತಿ ಫೋಲ್ಡರ್ ತೋರಿಸಬಹುದು.

ತೊಂದರೆ ಹುಡುಕಾಟದಲ್ಲಿದೆಯೋ ಜಾವಾದಲ್ಲೇ ಇದೆಯೋ ಎಂದು ಬೇರ್ಪಡಿಸಲು ನನಗೆ ತುಂಬ ಇಷ್ಟವಾದ ಒಂದು ಪರೀಕ್ಷೆ ಇದೆ. ಲಾಂಚರ್ ಬಿಟ್ಟು, ಪ್ರೋಗ್ರಾಮಿನ ಫೋಲ್ಡರಿನಲ್ಲಿ 'ಜಾವಾ -ಜಾರ್' ಎಂದು ಬರೆದು ಜಾರ್ ಫೈಲಿನ (ಜಾವಾ ಪ್ರೋಗ್ರಾಮಿನ ಕೋಡ್ ಕಟ್ಟಿಟ್ಟ ಫೈಲಿನ) ಹೆಸರು ಕೊಡಿ. ಜಾರ್ ಕಾಣದೆ ಬರೀ ಇಎಕ್ಸ್‌ಇ ಇದ್ದರೆ ಅದರ ಹೆಸರನ್ನೇ ಕೊಟ್ಟು ನೋಡಿ: ಜಾರ್ ಅನ್ನು ಇಎಕ್ಸ್‌ಇ ಆಗಿಸುವ ಲಾಂಚ್4ಜೆ ಎಂಬ ಸಾಧನ ಬಳಸಿ ಮಾಡಿದ ಇಎಕ್ಸ್‌ಇಗಳಲ್ಲಿ ಸಾಮಾನ್ಯವಾಗಿ ಜಾರ್ ಅನ್ನು ಫೈಲಿನ ಬಾಲಕ್ಕೇ ಅಂಟಿಸಿರುತ್ತಾರೆ, ಜಾವಾ ಅದನ್ನು ಓದಿಕೊಳ್ಳುತ್ತದೆ. ಓಡಿದರೆ ಜಾವಾ ಸರಿ ಇದೆ, ಹುಡುಕಾಟ ತಪ್ಪಿದೆ. ಓಡದಿದ್ದರೆ ತೆರೆಯ ಮೇಲೆ ನಿಜವಾದ ಎರರ್ ಬರುತ್ತದೆ. ಕ್ಲಾಸ್ ಫೈಲ್ (ಜಾವಾ ಓದುವ ಕೋಡ್ ಫೈಲ್) ಆವೃತ್ತಿ 61 ಎಂದು ಗೊಣಗಿದರೆ ಜಾವಾ 17 ಬೇಕು ಎಂದರ್ಥ. 52 ಎಂದರೆ 8, 55 ಎಂದರೆ 11. ಜಾವಾಎಫ್‌ಎಕ್ಸ್ (ಕಿಟಕಿ, ಬಟನ್‌ಗಳನ್ನು ತೋರಿಸುವ ಭಾಗ) ಕ್ಲಾಸ್ ಸಿಗಲಿಲ್ಲ ಎಂದರೆ ಕತೆ ಬೇರೆ: 2018ರ ಜಾವಾ 11ರಿಂದ ಅದನ್ನು ಜೆಡಿಕೆಯಿಂದ ಹೊರಗಿಟ್ಟಿದ್ದಾರೆ.

ಇಷ್ಟಾದರೂ ಬಗೆಹರಿಯದಿದ್ದರೆ ಊಹೆ ಸಾಕು. ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಸಂಗ್ರಹದಲ್ಲಿ ಪ್ರೋಸೆಸ್ ಮಾನಿಟರ್ ಎಂಬ ಉಚಿತ ಸಾಧನವಿದೆ. ಅದರ ಫಿಲ್ಟರ್‌ನಲ್ಲಿ ನಿಮ್ಮ ಇಎಕ್ಸ್‌ಇ ಹೆಸರು ಕೊಟ್ಟು, ಪಾತ್ (ಇಲ್ಲಿ ಬರೀ ವಿಳಾಸ ಎಂದರ್ಥ) ಕಾಲಮ್‌ನಲ್ಲಿ ಜಾವಾ ಎಂಬ ಪದ ಇರುವ ಸಾಲುಗಳನ್ನಷ್ಟೇ ಉಳಿಸಿ, ಐಕಾನ್ ಒತ್ತಿ. 'ನೇಮ್ ನಾಟ್ ಫೌಂಡ್' ಎಂಬ ಸಾಲುಗಳ ಎದುರು ಅದು ತಟ್ಟಿದ ಪ್ರತಿ ಕೀ, ಪ್ರತಿ ಫೋಲ್ಡರ್ ಬರೆದಿರುತ್ತದೆ.

ಜಾವಾದಂತೆಯೇ ತನ್ನದೇ ರನ್‌ಟೈಮ್ ಬೇಡುವ, ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಅಪ್ಲಿಕೇಶನ್‌ಗಳಲ್ಲೂ ಇದೇ ಪಾಡು. ಅಲ್ಲಿ 'ಡಾಟ್‌ನೆಟ್ --ಲಿಸ್ಟ್-ರನ್‌ಟೈಮ್ಸ್' ಹೊಡೆದು ಪಟ್ಟಿಯಲ್ಲಿ ವಿಂಡೋಸ್‌ಡೆಸ್ಕ್‌ಟಾಪ್ ಎಂಬ ಸಾಲು ಇದೆಯೇ ನೋಡಿ. ಬರೀ ಸಾದಾ ರನ್‌ಟೈಮ್ ಇದ್ದರೆ ಕಿಟಕಿ ತೆರೆಯುವ ಪ್ರೋಗ್ರಾಮ್‌ಗಳಿಗೆ ಸಾಲದು.

ಜೆಪ್ಯಾಕೇಜ್ ಎಂಬ ಸಾಧನ ಜಾವಾ 16ರಲ್ಲಿ ಪಕ್ಕಾ ಆದ ಮೇಲೆ ಹಲವರು ರನ್‌ಟೈಮ್ ಅನ್ನು ಅಪ್ಲಿಕೇಶನ್ ಜೊತೆಗೇ ಕಟ್ಟಿ ಕೊಡುತ್ತಿದ್ದಾರೆ. ಅಂಥದ್ದು ಕೈಕೊಟ್ಟರೆ ಹೊರಗಿನಿಂದ ಯಾವ ಜಾವಾ ಹಾಕಿದರೂ ಪ್ರಯೋಜನವಿಲ್ಲ. ಇಎಕ್ಸ್‌ಇ ಪಕ್ಕದಲ್ಲಿ 'ರನ್‌ಟೈಮ್' ಫೋಲ್ಡರ್ ಇದೆಯೇ ನೋಡಿ. ಡೆಸ್ಕ್‌ಟಾಪ್‌ಗೆ ಇಎಕ್ಸ್‌ಇ ಒಂದನ್ನೇ ಕಾಪಿ ಮಾಡಿಕೊಂಡಿದ್ದರೆ ಅದನ್ನು ಅಳಿಸಿ, ಮೂಲ ಫೋಲ್ಡರಿನಿಂದ ಶಾರ್ಟ್‌ಕಟ್ ಮಾಡಿಕೊಳ್ಳಿ.